ಹಗ್ಗ ಮುಟ್ಟಿದವರ ಪಾಲು

ಸ್ವರ್ಣಲತಾ ಟೀಚರ್ ಮದುವೆಯಾಗಿ ತಲ್ಲೂರಿಗೆ ಬಂದ ಮೂರನೆಯ ದಿನವೇ ಅಡುಗೆಮನೆಯ ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದರು. ಆರಕ್ಕೆ ಹಾಲು ಕಾಯಿಸುವುದು, ಆರೂಕಾಲಿಗೆ ಬಾವಿಯ ಪಂಪು ಹಾಕುವುದು, ಆರೂವರೆಗೆ ಹೂ ಕೊಯ್ಯುವುದು, ಹೀಗೆ. ಪಂಪಿನ ಎದುರಿಗೆ ಗಂಡ ರವಿರಾಜರ ಹೆಸರಿತ್ತು. ತಲ್ಲೂರು ಪೇಟೆಯಲ್ಲಿ ಮೋಟಾರು ವೈಂಡಿಂಗಿನ ಅಂಗಡಿ ಇಟ್ಟುಕೊಂಡಿದ್ದ ಅವರು ಊರಿನವರ ಪಂಪುಗಳನ್ನೆಲ್ಲ ರಿಪೇರಿ ಮಾಡುತ್ತಿದ್ದರೇ ಹೊರತು, ತಮ್ಮ ಮನೆಯ ಪಂಪಿನ ಸ್ವಿಚ್ಚು ಯಾವ ಗೋಡೆಯಲ್ಲಿದೆ ಎಂದು ಆವತ್ತಿನವರೆಗೆ ತಿಳಿದವರಲ್ಲ. ಹನ್ನೆರಡು ವರ್ಷಗಳಲ್ಲಿ ಆ ಪಟ್ಟಿ ಐದು ಸಲ ಬದಲಾಯಿತು. ಪಂಪಿನ ಎದುರಿನ ಹೆಸರು ಮಾತ್ರ ಹಾಗೆಯೇ ಉಳಿಯಿತು.

ಹೊತ್ತಿನ ಈ ಹುಚ್ಚು ತವರಿನಿಂದ ಬಂದದ್ದು. ಬ್ರಹ್ಮಾವರದಿಂದ ಒಳಗೆ, ದೇವಸ್ಥಾನವೊಂದನ್ನೇ ನೆಚ್ಚಿಕೊಂಡ ಸಣ್ಣ ಊರು ಅವರದು. ತಂದೆ ಅಲ್ಲಿ ನೈವೇದ್ಯದ ಅಡುಗೆಯವರು. ಮಹಾಪೂಜೆ ಹನ್ನೆರಡೂವರೆಗೆ ಎಂದಮೇಲೆ ಹನ್ನೆರಡೂವರೆಗೇ. ಅನ್ನ ಬಸಿಯುವುದು ಹತ್ತು ನಿಮಿಷ ತಡವಾದರೆ ಪೂಜೆ ತಡ, ಪೂಜೆ ತಡವಾದರೆ ಊಟಕ್ಕೆ ಕೂತವರೆಲ್ಲ ಬಾಳೆಲೆ ನೋಡುತ್ತ ಕಾಯಬೇಕು. ಹೊತ್ತು ತಪ್ಪಿದರೆ ಯಾರದ್ದೋ ಹೊಟ್ಟೆ ಕಾಯುತ್ತದೆ, ಅದು ನೆನಪಿರಲಿ ಎಂದು ತಂದೆ ಮಗಳಿಗೆ ಹೇಳುತ್ತಿದ್ದರು. ಹುಡುಗಿ ಅದನ್ನು ನೆನಪಿಟ್ಟುಕೊಂಡಳು. ಗಡಿಯಾರ ಸರಿ ನಡೆದರೆ ಲೋಕದಲ್ಲಿ ಯಾರೂ ಹಸಿದಿರುವುದಿಲ್ಲ ಎಂದೇ ನಂಬಿಕೊಂಡು ಬೆಳೆದಳು, ಟೀಚರ್ ಆದಳು, ಹೋದ ಶಾಲೆಗಳಲ್ಲೆಲ್ಲ ಒಳ್ಳೆಯ ಹೆಸರು ತೆಗೆದುಕೊಂಡಳು.

ಹದಿಮೂರು ವರ್ಷದ ಸರ್ವಿಸ್ ಆದಮೇಲೆ, ಒಂದು ಜೂನ್ ತಿಂಗಳಲ್ಲಿ ಅವರಿಗೆ ಗಂಗೊಳ್ಳಿ ಮತ್ತು ತ್ರಾಸಿಯ ನಡುವಿನ ತೆಂಕುಕೇರಿ ಎಂಬ ಕಡಲಬದಿಯ ಊರಿಗೆ ವರ್ಗವಾಯಿತು. ಎರಡೇ ಕೋಣೆಯ ಶಾಲೆ. ಒಂದು ಕೋಣೆಯಲ್ಲಿ ಹೆಡ್ಮಾಸ್ತರು ನಾಲ್ಕು ಮತ್ತು ಐದನೆಯ ತರಗತಿಯನ್ನು ಕೂರಿಸಿಕೊಂಡಿದ್ದರು. ಇನ್ನೊಂದರಲ್ಲಿ ಒಂದರಿಂದ ಮೂರರವರೆಗಿನ ಇಪ್ಪತ್ತೆರಡು ಮಕ್ಕಳ ನಲಿ-ಕಲಿ ತರಗತಿ, ಅದು ಟೀಚರ ಪಾಲಿಗೆ ಬಂತು.

ಮೊದಲ ದಿನದ ಬೆಳಗು ಕಂಡು ಟೀಚರ್ ತಲೆಯ ಮೇಲೆ ಕೈಹೊತ್ತುಕೊಂಡರು. ಬೆಲ್ ಹೊಡೆದದ್ದು ಒಂಬತ್ತೂವರೆಗೆ. ಹತ್ತೂಕಾಲಾದರೂ ತರಗತಿ ಶುರುವಾಗಿರಲಿಲ್ಲ. ಒಬ್ಬ ಚೀಲವನ್ನು ಬಾಗಿಲಲ್ಲೇ ಎಸೆದು ಮತ್ತೆ ಅಂಗಳಕ್ಕೆ ಓಡಿದ್ದ. ಇನ್ನೊಬ್ಬಳು ಬುತ್ತಿ ಬಿಚ್ಚಿ ಚಕ್ಕುಲಿ ತಿನ್ನುತ್ತಿದ್ದಳು. ಒಂದನೆಯ ತರಗತಿಯ ಇಬ್ಬರು ಒಂದೇ ಸ್ಲೇಟನ್ನು ಎರಡೂ ಕಡೆಯಿಂದ ಎಳೆಯುತ್ತಿದ್ದರು, ಮತ್ತೊಬ್ಬ ಯಾಕೆಂದು ಯಾರಿಗೂ ಗೊತ್ತಿಲ್ಲದೆ ಅಳುತ್ತಿದ್ದ. ಗಂಗೊಳ್ಳಿ ಬಂದರಿನಲ್ಲಿ ಮೀನು ಹರಾಜು ಹಾಕುವಾಗಲೂ ಇದಕ್ಕಿಂತ ಕಡಿಮೆ ಗದ್ದಲ ಇರುತ್ತದೆ. ಟೀಚರ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಅವರು ಸೆರಗು ಸಿಕ್ಕಿಸಿದರೆಂದರೆ ಅಲ್ಲಿ ಏನೋ ಒಂದು ಬದಲಾಗುತ್ತದೆ ಎಂದೇ ಅರ್ಥ.

ಎಲ್ಲವನ್ನೂ ಒಂದೇ ದಿನ ಹೇರುವ ದಡ್ಡತನ ಅವರದಲ್ಲ. ಮೊದಲ ವಾರ ಚಪ್ಪಲಿ ಮಾತ್ರ: ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಪಾದದ ಗುರುತಿನೊಳಗೆ ಚಪ್ಪಲಿ ಇಟ್ಟು ಒಳಗೆ ಬರುವುದು. ಅದು ಅಭ್ಯಾಸವಾದ ಮೇಲೆ ಚೀಲ ತೂಗುಹಾಕುವುದು. ಆಮೇಲೆ ಪ್ರತಿ ಮಗುವಿಗೆ ಒಂದೊಂದು ಬೆಳಗಿನ ಕೆಲಸ. ತಾರೀಕು ಬದಲಿಸುವವರು, ಇವತ್ತು ಮೋಡವೋ ಬಿಸಿಲೋ ಎಂದು ಆಕಾಶ ನೋಡಿ ಬರೆಯುವವರು, ಬೋರ್ಡು ಒರೆಸುವವರು, ಬಸಳೆ ಬಳ್ಳಿಗೆ ನೀರು ಹಾಕುವವರು. ಬಸಳೆಗೆ ನೀರು ಹಾಕಲು ಆರು ಜನ ಕೇಳಿದ್ದರಿಂದ ಆ ಬಡಪಾಯಿ ಬಳ್ಳಿ ಮೊದಲ ವಾರವೇ ಕೊಳೆಯಿತು. ಎರಡನೆಯ ಬಳ್ಳಿಗೆ ಟೀಚರ್ ಒಬ್ಬರನ್ನೇ ನೇಮಿಸಿದರು.

ಎಲ್ಲದಕ್ಕಿಂತ ಮಕ್ಕಳಿಗೆ ಹಿಡಿಸಿದ್ದು ಚಿಪ್ಪು. ಕಡಲತಡಿಯಿಂದ ಮಕ್ಕಳೇ ಹೆಕ್ಕಿ ತಂದ ಚಿಪ್ಪುಗಳಿಗೆ ಟೀಚರ್ ತೂತು ಕೊರೆದು ದಾರ ಕಟ್ಟಿದರು, ಕೆಂಪು ನೈಲ್ ಪಾಲಿಶಿನಲ್ಲಿ ಒಬ್ಬೊಬ್ಬರ ಹೆಸರು ಬರೆದರು. ಬಾಗಿಲ ಬಳಿ ಒಂದು ಮಣ್ಣಿನ ಮಡಕೆ, ಅದರ ಮೇಲೆ 'ಮನೆ' ಎಂದು ಬರೆದಿತ್ತು. ಗೋಡೆಗೆ ಮೊಳೆ ಹೊಡೆದ ಒಂದು ಹಲಗೆ, ಅದರ ಮೇಲೆ 'ಶಾಲೆ'. ಬಂದ ಮಗು ಮಡಕೆಯಿಂದ ತನ್ನ ಚಿಪ್ಪು ತೆಗೆದು ಹಲಗೆಗೆ ತೂಗಿಸಬೇಕು. ಅದೇ ಹಾಜರಿ. ಟೀಚರಿಗೂ ಒಂದು ಚಿಪ್ಪಿತ್ತು, ಎಲ್ಲರದಕ್ಕಿಂತ ದೊಡ್ಡದು. ಒಂಬತ್ತೂಮುಕ್ಕಾಲಿಗೆ ಸರಿಯಾಗಿ ಮಡಕೆಯನ್ನು ಕಪಾಟಿನ ಮೇಲೆ ಎತ್ತಿಡುವುದು ಮೂರನೆಯ ತರಗತಿಯ ಪೂಜಿತಾಳ ಕೆಲಸ. ತಡವಾಗಿ ಬಂದವರ ಚಿಪ್ಪು ಆ ದಿನ 'ಮನೆ'ಯಲ್ಲೇ ಉಳಿಯುತ್ತದೆ, ಮತ್ತು ಅವರು ಬೆಳಗಿನ ಹಾಡು, ಕತೆ ಮುಗಿಯುವವರೆಗೆ ಜಗಲಿಯ ಬೆಂಚಿನಲ್ಲಿ ಕೂರಬೇಕು. ಪೂಜಿತಾ ಗಡಿಯಾರ ನೋಡಲು ಕಲಿತದ್ದೇ ಈ ಕೆಲಸಕ್ಕಾಗಿ. ಒಮ್ಮೆ ಕಲಿತಮೇಲೆ ಅವಳ ಹತ್ತಿರ ಅರ್ಧ ನಿಮಿಷದ ರಿಯಾಯಿತಿಯೂ ಇರಲಿಲ್ಲ.

ಆಗಸ್ಟಿನ ಹೊತ್ತಿಗೆ ಆ ಕೋಣೆಯ ಬೆಳಗು ಹೇಗೆ ನಡೆಯತೊಡಗಿತೆಂದರೆ, ನೋಡಲು ಬಂದ ಅಧಿಕಾರಿಯೊಬ್ಬರು ಫೋಟೊ ತೆಗೆದು ಟೀಚರ್‌ಗಳ ವಾಟ್ಸಾಪ್ ಗುಂಪಿಗೆ ಹಾಕಿದರು. ನಲವತ್ತೇಳು ಜನ ಕೈ ಮುಗಿದರು. ಟೀಚರ್ ಆ ಸಂಜೆ ರವಿರಾಜರಿಗೆ ಅದನ್ನು ಎರಡು ಸಲ ತೋರಿಸಿದರು. ಚಿಪ್ಪಿನ ವ್ಯವಸ್ಥೆ ಮನೆಗೂ ಬಂದೀತು ಎಂಬ ಹೆದರಿಕೆಯಿಂದ ರವಿರಾಜ್ ಮಾತು ಬದಲಿಸಿದರು.

ಮಳೆ ಸಣ್ಣಗಾಗಿ, ಕಡಲು ತಣ್ಣಗಾದ ಮೇಲೆ ತೆಂಕುಕೇರಿಯ ತಡಿಯಲ್ಲಿ ಕೈರಂಪಣಿ ಶುರುವಾಗುತ್ತದೆ. ದೋಣಿಯಲ್ಲಿ ದೊಡ್ಡ ಬಲೆ ಒಯ್ದು ಅರ್ಧಚಂದ್ರಾಕಾರಕ್ಕೆ ಬಿಟ್ಟು ಬರುತ್ತಾರೆ. ಅದರ ಎರಡು ತುದಿಯ ಹಗ್ಗವನ್ನು ಊರಿನವರೆಲ್ಲ ಸೇರಿ ದಡದಿಂದ ಎಳೆಯುತ್ತಾರೆ. ಬಲೆಯ ನಡುವಿನ ಚೀಲ ದಡಕ್ಕೆ ಬಂದಾಗ ಮೀನು ಹಂಚಿಕೆ. ಇದೆಲ್ಲ ಟೀಚರಿಗೆ ಗೊತ್ತಿರಲಿಲ್ಲ. ಮೀನು ತಿನ್ನದ ಮನೆಯವರು, ಕಡಲನ್ನು ಹೈವೇಯಿಂದ ನೋಡಿದ್ದೇ ಹೆಚ್ಚು. ಅವರಿಗೆ ಗೊತ್ತಾದದ್ದು ಇಷ್ಟೇ: ಸೆಪ್ಟೆಂಬರ್ ಮೊದಲ ವಾರದಿಂದ ಮೂರನೆಯ ತರಗತಿಯ ಮೋಕ್ಷಿತಾ ದಿನಾ ತಡವಾಗಿ ಬರುತ್ತಿದ್ದಾಳೆ.

ಮೋಕ್ಷಿತಾ ಮಾತು ಕಡಿಮೆಯ ಹುಡುಗಿ. ಲೆಕ್ಕದ ಕಾರ್ಡುಗಳಲ್ಲಿ ಎಲ್ಲರಿಗಿಂತ ಮುಂದಿದ್ದಳು. ಹತ್ತಕ್ಕೋ ಹತ್ತೂಕಾಲಿಗೋ ಬರುತ್ತಿದ್ದಳು, ಕೂದಲು ಗಾಳಿಗೆ ಕೆದರಿ, ಲಂಗದ ಅಂಚು ಒದ್ದೆಯಾಗಿ, ಕಾಲಿಗೆ ಮರಳು ಮೆತ್ತಿ. ಚಪ್ಪಲಿಯನ್ನು ಮಾತ್ರ ಪಾದದ ಗುರುತಿನೊಳಗೆ ಸರಿಯಾಗಿ ಬಿಟ್ಟು, ಯಾರೂ ಹೇಳದೆಯೇ ಬೆಂಚಿನಲ್ಲಿ ಕೂರುತ್ತಿದ್ದಳು. ಯಾಕೆ ತಡ ಎಂದರೆ ಅಜ್ಜಯ್ಯನ ಕೆಲಸ ಇತ್ತು ಎನ್ನುತ್ತಿದ್ದಳು, ಅದಕ್ಕಿಂತ ಹೆಚ್ಚು ಒಂದಕ್ಷರವಿಲ್ಲ. ಟೀಚರಿಗೆ ಬೇಸರವಾಗುತ್ತಿತ್ತು, ಆದರೆ ಒಬ್ಬಳಿಗೆ ಸಡಿಲ ಬಿಟ್ಟರೆ ನಾಳೆ ಹತ್ತು ಜನ ಕೇಳುತ್ತಾರಲ್ಲ. ನಾಲ್ಕು ದಿನ ಚಿಪ್ಪು ಮಡಕೆಯಲ್ಲಿ ಉಳಿದರೆ ಐದನೆಯ ದಿನ ತಾನಾಗಿಯೇ ಬೇಗ ಬರುತ್ತಾಳೆ ಎಂದುಕೊಂಡರು. ಚಿಪ್ಪು ಹನ್ನೆರಡು ದಿನ ಮಡಕೆಯಲ್ಲೇ ಉಳಿಯಿತು.

ಆ ಹನ್ನೆರಡನೆಯ ದಿನ ಮಧ್ಯಾಹ್ನ ಬಿಸಿಯೂಟದ ಕಮಲಕ್ಕ ಸ್ಟೀಲ್ ತಟ್ಟೆಯಲ್ಲಿ ಒಂದು ಬೇಯಿಸಿದ ಮೊಟ್ಟೆ ಇಟ್ಟುಕೊಂಡು ಬಂದರು. ಅವರೂ ಅದೇ ಕೇರಿಯವರು, ಮನಸ್ಸಿನಲ್ಲಿದ್ದದ್ದನ್ನು ಬಾಯಿಗೆ ತರಲು ಹೆದರುವವರಲ್ಲ. ಮೊಟ್ಟೆಯ ದಿನ ಲೆಕ್ಕ ಹಾಕಿಯೇ ಬೇಯಿಸುತ್ತೇನೆ, ಆದರೂ ಎರಡು ವಾರದಿಂದ ಒಂದು ಉಳಿಯುತ್ತಿದೆ ಎಂದರು. ಯಾರದ್ದೆಂದು ಇವತ್ತು ಕಾದು ನೋಡಿದರಂತೆ.

"ಮೋಕ್ಷಿತಾ ಉಂಬುಕೇ ಬತ್ತಿಲ್ಲೆ ಟೀಚ್ರೇ. ಮೊಟ್ಟೆಯೂ ಇಲ್ಲೆ, ಅನ್ನವೂ ಇಲ್ಲೆ, ಬೆಳಿಗ್ಗೆ ಹಾಲೂ ಇಲ್ಲೆ. ನಲ್ಲಿ ನೀರ್ ಕುಡ್ಕಂಡ್ ಆ ಗಾಳಿಮರದ ಬುಡದಲ್ ಕೂಕಂತ್."

ಮನೆ ಹತ್ತಿರವೇ ಇದೆ, ಹೋಗಿ ಉಂಡು ಬರುತ್ತಾಳೆ ಎಂದು ಟೀಚರ್ ತಿಳಿದಿದ್ದರು. ಆ ಮನೆಯಲ್ಲಿ ಮಧ್ಯಾಹ್ನ ಯಾರೂ ಇರುವುದಿಲ್ಲ ಎಂದು ಕಮಲಕ್ಕನೇ ಹೇಳಿದರು. ಅಪ್ಪ ಬೋಟಿಗೆ ಹೋದರೆ ಹತ್ತು ದಿನ ಕಡಲಲ್ಲೇ. ತಾಯಿ ಬೆಳಿಗ್ಗೆ ಐದಕ್ಕೆ ಗಂಗೊಳ್ಳಿ ಬಂದರಿಗೆ ಹೋಗಿ ಮೀನು ಕೊಂಡು ಮನೆ ಮನೆಗೆ ಮಾರಿ ಬರುವಾಗ ಎರಡೂವರೆ.

ಟೀಚರ್ ಗಾಳಿಮರದ ಬುಡಕ್ಕೆ ಹೋಗಿ ಹುಡುಗಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಹೊಟ್ಟೆನೋವೇ, ಯಾರಾದರೂ ಏನಾದರೂ ಅಂದರೇ ಎಂದು ಕೇಳಿದರು. ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಮತ್ತೆ ಯಾಕೆ ಎಂದಾಗ ಇದು ಟೀಚರಿಗೂ ಗೊತ್ತಿಲ್ಲವೇ ಎಂಬಂತೆ ನೋಡಿದಳು.

"ನಂಗೆ ಪಾಲಿಲ್ಲೆ ಅಲ್ದಾ ಟೀಚರ್? ನನ್ ಚಿಪ್ಪ್ 'ಮನೆ'ಯೊಳ್ಗೇ ಇತ್ತಲೆ."

ಟೀಚರಿಗೆ ಮೊದಲು ಅರ್ಥವಾಗಲಿಲ್ಲ. ಹುಡುಗಿ ಸಿಟ್ಟಿನಿಂದ ಹೇಳಿರಲಿಲ್ಲ, ದೂರಿಯೂ ಇರಲಿಲ್ಲ. ಎರಡೂ ಮೂರೂ ಐದು ಎಂಬಷ್ಟು ಸರಳವಾಗಿ ಹೇಳಿದ್ದಳು. ಚಿಪ್ಪು ತೂಗಿಸದವಳಿಗೆ ಊಟವೂ ಇಲ್ಲ ಎಂದು ಅವಳು ತಿಳಿದಿದ್ದಾಳೆಂಬುದು ಟೀಚರಿಗೆ ನಿಧಾನಕ್ಕೆ ಹೊಳೆಯಿತು. ಎದ್ದು ಊಟಕ್ಕೆ ಬಾ ಎಂದು ಕೈಹಿಡಿದರು, ಪುಸಲಾಯಿಸಿದರು, ಸ್ವಲ್ಪ ಗದರಿದರು ಕೂಡ. ಹುಡುಗಿ ಬೇಡ ಎಂದಳು. ಅನ್ನವನ್ನು ಕದ್ದು ತಿನ್ನಲು ಯಾರೋ ಕರೆಯುತ್ತಿದ್ದಾರೆ ಎಂಬಂತೆ ಅವಳ ಮುಖ ಕೆಂಪಗಾಗಿತ್ತು. ಟೀಚರ್ ಕೈ ಬಿಟ್ಟರು.

ಕಮಲಕ್ಕ ಬಿಡಿಸಿ ಹೇಳಿದರು. ಕೈರಂಪಣಿಯಲ್ಲಿ ಹಗ್ಗಕ್ಕೆ ಕೈ ಹಾಕಿದ ಪ್ರತಿಯೊಬ್ಬರಿಗೂ ಪಾಲು. ಮುದುಕರಿರಲಿ, ಮಕ್ಕಳಿರಲಿ, ದಾರಿಯಲ್ಲಿ ಹೋಗುವವರೇ ಇರಲಿ. ಕೈ ಹಾಕದವರಿಗೆ ಇಲ್ಲ, ಅವರು ಬಲೆಯ ಯಜಮಾನರ ತಮ್ಮನೇ ಆದರೂ ಇಲ್ಲ. ಮೋಕ್ಷಿತಾಳ ಅಜ್ಜ, ಗುಡ್ಡ ಎಂದು ಹೆಸರು, ಒಂದು ಕಾಲದಲ್ಲಿ ಎರಡಾಳಿನ ಕೆಲಸ ಮಾಡುತ್ತಿದ್ದ ಮನುಷ್ಯ. ಹೋದ ವರ್ಷ ಬೋಟಿನಲ್ಲಿ ಜಾರಿ ಬಿದ್ದು ಬಲಭುಜ ಮುರಿದುಕೊಂಡ ಮೇಲೆ ಎಳೆಯಲಾಗುವುದಿಲ್ಲ. ಮನೆಯ ಪಾಲು ತಪ್ಪಬಾರದೆಂದು ಮೊಮ್ಮಗಳು ಹೋಗುತ್ತಾಳೆ. ಎಳೆಯದೆ ತಿನ್ನುವುದೆಂದರೆ ಆ ಮನೆಯಲ್ಲಿ ಮಾನ ಹೋದ ಹಾಗೆ. ಶಾಲೆಯಲ್ಲಿ ಚಿಪ್ಪು ತೂಗಿಸದವರಿಗೂ ಪಾಲಿಲ್ಲ ಎಂದು ಹುಡುಗಿ ಲೆಕ್ಕ ಹಾಕಿದೆ, ಅಷ್ಟೇ ಎಂದು ಹೇಳಿ ಕಮಲಕ್ಕ ಮೊಟ್ಟೆಯ ತಟ್ಟೆಯನ್ನು ಮುಚ್ಚಿಟ್ಟರು.

ಆ ಸಂಜೆ ಮನೆಯಲ್ಲಿ ಟೀಚರ್ ಗೋಡೆಯ ಪಟ್ಟಿಯ ಮುಂದೆ ನಿಂತರು. ಹೊತ್ತು ತಪ್ಪಿದರೆ ಯಾರದ್ದೋ ಹೊಟ್ಟೆ ಕಾಯುತ್ತದೆ ಎಂದು ತಂದೆ ಕಲಿಸಿದ್ದರು. ಹೊತ್ತನ್ನು ಸರಿಯಾಗಿ ಪಾಲಿಸಿಯೇ ಒಂದು ಮಗುವನ್ನು ಹನ್ನೆರಡು ದಿನ ಹಸಿವಿನಲ್ಲಿ ಕೂರಿಸಿದೆನಲ್ಲ ಎಂದು ಅವರಿಗೆ ತಡೆಯಲಾರದಷ್ಟು ನಾಚಿಕೆಯಾಯಿತು. ರವಿರಾಜ್ ಎಂತ ಆಯ್ತೆಂದು ಕೇಳಿದಾಗ, ನಾಳೆ ಆರಕ್ಕೇ ಹೊರಡುತ್ತೇನೆ, ಹಾಲು ನೀವೇ ಕಾಯಿಸಿ ಎಂದರು. ಪಟ್ಟಿಯಲ್ಲಿ ತನ್ನ ಹೆಸರಿಲ್ಲದ ಕೆಲಸ ರವಿರಾಜರ ಪಾಲಿಗೆ ಬಂದದ್ದು ಅದೇ ಮೊದಲು.

ಬೆಳಿಗ್ಗೆ ಸ್ಕೂಟಿಯನ್ನು ರಸ್ತೆಯ ಬದಿಯಲ್ಲಿ ನಿಲ್ಲಿಸಿ ಟೀಚರ್ ತಡಿಗೆ ಇಳಿದಾಗ ಎರಡು ಸಾಲು ಜನ ಹಗ್ಗ ಹಿಡಿದು ನಿಂತಿದ್ದರು. ಒಬ್ಬರ ಹಿಂದೆ ಒಬ್ಬರು, ಹಿಮ್ಮಡಿ ಮರಳಿಗೆ ಊರಿ, ಹಿಂದೆ ಹಿಂದೆ ನಡೆಯುತ್ತ. ಕೊನೆ ತಲುಪಿದವರು ಹಗ್ಗ ಬಿಟ್ಟು ನೀರಿನ ಅಂಚಿಗೆ ಓಡಿ ಮತ್ತೆ ಮೊದಲ ಜಾಗ ಹಿಡಿಯುತ್ತಿದ್ದರು. ಎಲ್ಲರಿಗೂ ತಮ್ಮ ಜಾಗ ಗೊತ್ತು, ಯಾರೂ ಯಾರಿಗೂ ಡಿಕ್ಕಿ ಹೊಡೆಯುತ್ತಿರಲಿಲ್ಲ. ಗಡಿಯಾರವೂ ಇಲ್ಲ, ಪೂಜಿತಾಳೂ ಇಲ್ಲ, ಆದರೂ ಇಷ್ಟು ಅಚ್ಚುಕಟ್ಟೇ ಎಂದು ಟೀಚರಿಗೆ ಒಂದು ಚೂರು ಹೊಟ್ಟೆಕಿಚ್ಚೇ ಆಯಿತು. ಸಾಲಿನ ನಡುವೆ ಮೋಕ್ಷಿತಾ ಇದ್ದಳು. ಟೀಚರನ್ನು ಕಂಡು ಗಾಬರಿಯಾದಳು, ಹಗ್ಗ ಬಿಡಲಿಲ್ಲ.

ಗುಡ್ಡ ಸ್ವಲ್ಪ ಹಿಂದೆ ಮರಳಿನ ಮೇಲೆ ಕೂತಿದ್ದರು. ಟೀಚರ್ ಹೋಗಿ ಮಾತಾಡಿಸಿ, ಮೊಮ್ಮಗಳು ಶಾಲೆಯಲ್ಲಿ ಉಣ್ಣುತ್ತಿಲ್ಲ ಎಂಬುದನ್ನು, ಅದಕ್ಕೆ ಕಾರಣವನ್ನು, ತಮ್ಮ ತಪ್ಪನ್ನೂ ಸೇರಿಸಿ ಹೇಳಿದರು. ಮುದುಕ ಸಾಲಿನಲ್ಲಿದ್ದ ಮೊಮ್ಮಗಳ ಕಡೆಗೆ ತಿರುಗಿ ನೋಡಿದರು. ಅವರಿಗೆ ಅದು ಗೊತ್ತಿರಲಿಲ್ಲ. ನೀವು ಕೂತಲ್ಲೇ ಹಗ್ಗದ ಮೇಲೆ ಒಂದು ಕೈ ಇಟ್ಟರೂ ಪಾಲು ಕೊಡುತ್ತಾರಂತಲ್ಲ ಅಜ್ಜಯ್ಯ, ಹುಡುಗಿಗೆ ಯಾಕೆ ಈ ಕೆಲಸ ಎಂದು ಟೀಚರ್ ಮೆಲ್ಲಗೆ ಕೇಳಿದರು.

"ಕೊಡ್ತ್ರ್ ಟೀಚ್ರೇ," ಎಂದರು ಗುಡ್ಡ. "ಕೈ ಮುಟ್ಟಿಸಿ ಕೂಕಂಡ್ರೂ ಕೊಡ್ತ್ರ್. ಆರೆ ಅದ್ ಎಳ್ದವ್ರ್ ಬೆವ್ರ್ ಅಲ್ದಾ? ಅದ್ ನಾ ತಿಂಬುದ್ ಹ್ಯಾಂಗೆ?"

ಅಷ್ಟರಲ್ಲಿ ಸಾಲಿನಿಂದ ಯಾರೋ ಕೂಗಿದರು: "ಹ್ವಾಯ್ ಟೀಚ್ರೇ, ಸುಮ್ನೆ ನಿಂತ್ರೆ ಆತಿಲ್ಲೆ, ಒಂದ್ ಕೈ ಹಾಕಿ." ಟೀಚರ್ ಸೆರಗು ಸಿಕ್ಕಿಸಿದರು. ಮೋಕ್ಷಿತಾಳ ಹಿಂದೆ ಒಂದು ಜಾಗ ತೆರವಾಯಿತು. ಹಗ್ಗ ಒದ್ದೆಯಾಗಿ, ಒರಟಾಗಿ, ಅವರು ಎಣಿಸಿದ್ದಕ್ಕಿಂತ ಭಾರವಾಗಿತ್ತು. ಐದು ನಿಮಿಷದಲ್ಲಿ ಅಂಗೈ ಉರಿಯತೊಡಗಿತು. ಎಂಟೂಮುಕ್ಕಾಲಿಗೆ ಒಮ್ಮೆ ವಾಚು ನೋಡಿದರು, ಒಂಬತ್ತಕ್ಕೆ ಇನ್ನೊಮ್ಮೆ. ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಕೇಳಿದ್ದಕ್ಕೆ ಮುಂದಿನವರು ನಕ್ಕರು. ಇವತ್ತು ನೀರಿನ ಸೆಳೆತ ಜೋರು, ಚೀಲ ಬಂದಾಗ ಬಂತು ಎಂದರು. ಬಿಟ್ಟು ಹೋಗೋಣವೆಂದರೆ ಒಬ್ಬರೂ ಬಿಡುತ್ತಿಲ್ಲ, ಎಂಟು ವರ್ಷದ ಹುಡುಗಿಯೂ ಬಿಡುತ್ತಿಲ್ಲ. ಟೀಚರ್ ಹೇಗೆ ಬಿಟ್ಟಾರು? ಬೆಲ್ ಹೊಡೆಯುವ ಹೊತ್ತಿಗೆ ಸ್ವರ್ಣಲತಾ ಟೀಚರ್ ಮೊಣಕಾಲವರೆಗೆ ಒದ್ದೆಯಾಗಿ ತಡಿಯಲ್ಲಿದ್ದರು.

ಚೀಲ ಇನ್ನೇನು ದಡ ಮುಟ್ಟಬೇಕು, ಆಗ ತೆಂಗಿನ ತೋಟದ ಕಡೆಯಿಂದ ಒಬ್ಬ ಮುದುಕಿ ಓಡೋಡಿ ಬಂದು ಹಗ್ಗ ಹಿಡಿದರು. ಅವರು ಎಳೆದದ್ದು ಹೆಚ್ಚೆಂದರೆ ನಾಲ್ಕು ಹೆಜ್ಜೆ. ಹಂಚುವಾಗ ಅವರಿಗೂ ಪಾಲು ಬಂತು. ಎಷ್ಟು ಹೊತ್ತಿಗೆ ಬಂದೆ ಎಂದು ಯಾರೂ ಕೇಳಲಿಲ್ಲ. ಚೀಲ ದಡ ಮುಟ್ಟುವ ಮೊದಲು ಕೈ ತಾಗಿದರೆ ಸಾಕು, ಅದೇ ಇಲ್ಲಿಯ ನಿಯಮ ಎಂದು ಮೋಕ್ಷಿತಾ ಟೀಚರಿಗೆ ಪಾಠ ಹೇಳಿದಳು. ಟೀಚರ ಕೈಗೂ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಆರು ಬಂಗುಡೆ ಬಂತು. ಜನ್ಮದಲ್ಲಿ ಮೀನು ಮುಟ್ಟದವರು ಕೊಟ್ಟೆಯನ್ನು ಮೈಯಿಂದ ಒಂದು ಮಾರು ದೂರ ಹಿಡಿದರು. ಬೇಡವೆಂದು ಮಾತ್ರ ಹೇಳಲಿಲ್ಲ.

ಸ್ಕೂಟಿಯ ಹಿಂದೆ ಮೋಕ್ಷಿತಾಳನ್ನು ಕೂರಿಸಿಕೊಂಡು ಶಾಲೆ ತಲುಪುವಾಗ ಹತ್ತು ದಾಟಿತ್ತು. ಪೂಜಿತಾ ಮಡಕೆಯನ್ನು ಹೊತ್ತಿಗೆ ಸರಿಯಾಗಿ ಎತ್ತಿಟ್ಟಾಗಿತ್ತು. ಅದರೊಳಗೆ ಎರಡು ಚಿಪ್ಪು, ಒಂದು ಸಣ್ಣದು, ಒಂದು ದೊಡ್ಡದು. ಒಳಗೆ ಬೆಳಗಿನ ಹಾಡು ನಡೆಯುತ್ತಿತ್ತು. ತಾರೀಕು ಬದಲಾಗಿತ್ತು, 'ಬಿಸಿಲು' ಎಂದು ಬರೆದಾಗಿತ್ತು, ಬೋರ್ಡು ಒರೆಸಿತ್ತು, ಬಸಳೆಗೆ ನೀರು ಬಿದ್ದಿತ್ತು. ಟೀಚರಿಲ್ಲದೆಯೇ ಎಲ್ಲವೂ ನಡೆದಿತ್ತು. ಪಕ್ಕದ ಕೋಣೆಯ ಬಾಗಿಲಲ್ಲಿ ಹೆಡ್ಮಾಸ್ತರು ಕನ್ನಡಕದ ಮೇಲಿಂದ ನೋಡಿ, ನಗು ತಡೆದುಕೊಂಡು ಒಳಗೆ ಹೋದರು. ಟೀಚರ್ ಚಪ್ಪಲಿಯನ್ನು ಗುರುತಿನೊಳಗೆ ಬಿಟ್ಟರು, ಮೋಕ್ಷಿತಾಳ ಪಕ್ಕದಲ್ಲಿ ಬೆಂಚಿನ ಮೇಲೆ ಕೂತರು. ಆ ಬೆಂಚು ಇಷ್ಟು ಗಿಡ್ಡವೆಂದೂ, ಅಲ್ಲಿಂದ ಒಳಗಿನ ಹಾಡು ಇಷ್ಟು ದೂರ ಕೇಳುತ್ತದೆಂದೂ ಅವರಿಗೆ ಆವತ್ತೇ ಗೊತ್ತಾದದ್ದು. ಮಕ್ಕಳ ಬಗ್ಗೆ ಹೆಮ್ಮೆಯಾಯಿತು, ತಮ್ಮ ಬಗ್ಗೆ ಬೇಸರವೂ ಆಯಿತು.

ಹಾಡು, ಕತೆ ಮುಗಿದ ಮೇಲೆ ಒಳಗೆ ಹೋಗಿ ಎಂದಿನಂತೆ ಪಾಠ ಮಾಡಿದರು. ಹಾಲು ಬಂದಾಗ ಮೋಕ್ಷಿತಾ ಮುಟ್ಟದ್ದನ್ನು ಟೀಚರ್ ಈ ಸಲ ಗಮನಿಸಿದರು. ಮಧ್ಯಾಹ್ನ ಜಗಲಿಯಲ್ಲಿ ಮಕ್ಕಳು ಸಾಲಾಗಿ ತಟ್ಟೆ ಹಿಡಿದು ಕೂತರು. ಟೀಚರ್ ದಿನವೂ ಮಕ್ಕಳ ಜೊತೆಯೇ ಉಣ್ಣುವವರು. ಕಮಲಕ್ಕ ಅವರ ತಟ್ಟೆಗೆ ಅನ್ನ ಹಾಕಲು ಬಂದಾಗ ಟೀಚರ್ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. ನನ್ನ ಚಿಪ್ಪೂ ಮನೆಯಲ್ಲೇ ಇದೆ ಕಮಲಕ್ಕ, ನನಗೂ ಇಲ್ಲ ಎಂದರು.

ಪೂಜಿತಾ ಅನ್ನ ಕಲಸುವುದನ್ನು ನಿಲ್ಲಿಸಿದಳು. ನಿಯಮದ ಪ್ರಕಾರ ಅವಳದೇನೂ ತಪ್ಪಿರಲಿಲ್ಲ, ಆದರೂ ಅವಳ ಕಣ್ಣು ತುಂಬಿತು. ಆಗ ಗಾಳಿಮರದ ಬುಡದಲ್ಲಿ ಕೂತಿದ್ದ ಮೋಕ್ಷಿತಾ ಎದ್ದು ಬಂದಳು. ಎಲ್ಲರೂ ನೋಡುತ್ತಿದ್ದಾರೆಂದು ಗೊತ್ತಿದ್ದೂ ಬಂದಳು, ಪೂಜಿತಾಳ ಎದುರು ನಿಂತಳು.

"ಟೀಚರ್ ಹಗ್ಗ ಹಿಡ್ದಿರ್. ನಾ ಕಂಡಿದೆ. ಚೀಲ ಬಪ್ಪುಕ್ ಮುಂಚೆಯೇ ಹಿಡ್ದಿರ್. ಅವ್ರಿಗ್ ಪಾಲ್ ಇತ್ತ್."

ತಡಿಯಲ್ಲಿ ಪಾಲಿನ ತಕರಾರು ಬಂದಾಗ ಕಂಡವರೊಬ್ಬರು ಹೀಗೆ ಹೇಳಿದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಪೂಜಿತಾಳ ಅಪ್ಪನೂ ಅದೇ ಬಲೆಯವರು, ಅವಳಿಗದು ಗೊತ್ತಿಲ್ಲವೇ? ಎಂಜಲು ಕೈ ತೊಳೆದುಕೊಂಡು, ಒಳಗೆ ಹೋಗಿ ಕುರ್ಚಿ ಎಳೆದು ಹತ್ತಿ ಮಡಕೆ ಇಳಿಸಿದಳು. ದೊಡ್ಡ ಚಿಪ್ಪನ್ನು ತೆಗೆದು ಹಲಗೆಗೆ ತೂಗಿಸಿದಳು. ಆಮೇಲೆ ಸಣ್ಣದನ್ನು ಕೈಯಲ್ಲಿ ಹಿಡಿದು, ಇದನ್ನೇನು ಮಾಡಲಿ ಎಂಬಂತೆ ಬಾಗಿಲಿನಿಂದ ಟೀಚರನ್ನು ನೋಡಿದಳು. ಟೀಚರ್ ಎದ್ದು ನಿಂತರು. ಅವಳು ನನಗಿಂತ ಮುಂಚೆಯೇ ಹಗ್ಗ ಹಿಡಿದಿದ್ದಳು, ನಾನು ಕಂಡಿದ್ದೇನೆ ಎಂದರು. ಹನ್ನೆರಡು ದಿನವೂ ಹಿಡಿದಿದ್ದಳು, ಕಾಣದಿದ್ದದ್ದು ನನ್ನ ತಪ್ಪು ಎಂದೂ ಹೇಳಿದರು. ಟೀಚರ್ ಒಬ್ಬರು ತಮ್ಮದೇ ತಪ್ಪು ಎಂದದ್ದನ್ನು ಆ ಮಕ್ಕಳು ಕೇಳಿದ್ದು ಅದೇ ಮೊದಲು.

ಮೋಕ್ಷಿತಾ ತನ್ನ ಚಿಪ್ಪನ್ನು ತಾನೇ ತೂಗಿಸಿದಳು. ಸಾಲಿನಲ್ಲಿ ಟೀಚರ ಪಕ್ಕ ಬಂದು ಕೂತಳು. ಕಮಲಕ್ಕ ಎರಡು ಸಟ್ಟುಗ ಅನ್ನ ಹೆಚ್ಚೇ ಹಾಕಿ, ಮೇಲೆ ಸಾರು ಹೊಯ್ದರು. ಹುಡುಗಿ ಮೊದಲು ನಿಧಾನಕ್ಕೆ, ಆಮೇಲೆ ಬೇಗ ಬೇಗ ಉಂಡಳು. ಟೀಚರ ಕಣ್ಣಿಗೆ ಅನ್ನ ಮಂಜಾಗಿ ಕಂಡಿತು. ಎಷ್ಟೋ ವರ್ಷದಿಂದ ತರಗತಿಯಲ್ಲಿ ಪುಸ್ತಕದ ಕನ್ನಡವನ್ನೇ ಆಡುತ್ತಿದ್ದವರ ಬಾಯಲ್ಲಿ ಆ ಹೊತ್ತು ತವರಿನ ಮಾತೇ ಬಂತು.

"ಕಾಣ್ ಮಗಾ, ಮೀನಿಗೆ ಹಗ್ಗ ಇತ್ತ್, ಹಾಜ್ರಿಗೆ ಚಿಪ್ಪ್ ಇತ್ತ್. ಅನ್ನಕ್ಕೆ ಎಂತದೂ ಇಲ್ಲೆ. ಹಶಿವಾದ್ರೆ ಸಾಕ್, ಉಣ್ಕ್."

ಮೋಕ್ಷಿತಾ ಅದನ್ನು ಒಪ್ಪಿದ ಹಾಗೆ ಕಾಣಲಿಲ್ಲ. ತುತ್ತು ನುಂಗಿ ಸ್ವಲ್ಪ ಯೋಚಿಸಿ, ಹಾಗಾದರೆ ತಪ್ಪಿಹೋದ ಬೆಳಗಿನ ಕೆಲಸದ ಬದಲು ನಾಳೆಯಿಂದ ತನಗೆ ಬೇರೆ ಏನಾದರೂ ಕೆಲಸ ಕೊಡಬೇಕು ಎಂದು ಕೇಳಿದಳು. ಅಜ್ಜನ ಮೊಮ್ಮಗಳೇ ಸೈ ಎಂದುಕೊಂಡರು ಟೀಚರ್.

ಮರುದಿನದಿಂದ ಮಡಕೆ ಕಪಾಟಿನ ಮೇಲೆ ಹೋಗುವುದು ಹಾಲು ಬಂದ ಮೇಲೆಯೇ ಎಂದಾಯಿತು. ಹಾಲು ಬರುವುದೆಂದರೆ ಚೀಲ ದಡ ಮುಟ್ಟಿದ ಹಾಗೆ ಎಂದು ಟೀಚರ್ ಹೇಳಿದಾಗ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಬೆಂಚನ್ನು ಒಳಗೆ ತಂದು ಅದರ ಮೇಲೆ ಕತೆ ಪುಸ್ತಕ ಜೋಡಿಸಿದರು. ಇಷ್ಟು ಸಡಿಲ ಬಿಟ್ಟರೆ ಎಲ್ಲರೂ ತಡ ಮಾಡುತ್ತಾರೆ ಎಂದು ಹೆಡ್ಮಾಸ್ತರು ಎಚ್ಚರಿಸಿದರು. ಯಾರೂ ಮಾಡಲಿಲ್ಲ. ತಾರೀಕು ಬದಲಿಸುವವನಿಗೆ ತಾನು ಬಾರದಿದ್ದರೆ ಇಡೀ ಶಾಲೆ ನಿನ್ನೆಯಲ್ಲೇ ಉಳಿಯುತ್ತದೆ ಎಂಬ ಚಿಂತೆ ಇತ್ತು. ಮೋಕ್ಷಿತಾಳಿಗೆ ಹಾಲು ಹಂಚುವ ಕೆಲಸ ಸಿಕ್ಕಿತು. ಅದು ಹತ್ತೂವರೆಯ ಕೆಲಸ, ತಡಿಯಿಂದ ಬಂದರೂ ತಪ್ಪುವಂಥದಲ್ಲ.

ಆದರೆ ಅದಾಗಿ ಒಂದು ವಾರಕ್ಕೆ ಮೋಕ್ಷಿತಾ ಬೆಲ್ ಹೊಡೆಯುವ ಮೊದಲೇ ಬಂದಳು. ಮರಳಿಲ್ಲದ ಕಾಲು, ಎರಡು ಜಡೆ, ಒಣಗಿದ ಲಂಗ. ಅಜ್ಜಯ್ಯ ಹಗ್ಗ ಸುತ್ತಲು ಹೋಗಿದ್ದಾರೆ ಎಂದಳು. ದಡಕ್ಕೆ ಬಂದ ಹಗ್ಗವನ್ನು ಸಿಕ್ಕಾಗದಂತೆ ಸುತ್ತಿಡಲು ಒಂದು ಕೈ ಸಾಕು, ಆದರೆ ಅದು ಮಕ್ಕಳ ಕೆಲಸವೆಂದು ಗುಡ್ಡ ಇಷ್ಟು ದಿನ ಅದರ ಹತ್ತಿರ ಹೋಗಿರಲಿಲ್ಲವಂತೆ. ಎಳೆಯದೆ ತಿನ್ನಬಾರದೆಂಬ ತಮ್ಮ ಮಾತಿನಿಂದಾಗಿ ಮೊಮ್ಮಗಳು ಉಪವಾಸ ಕೂತದ್ದು ಕೇಳಿದ ಮೇಲೆ ಅವರಿಗೆ ಆ ಬಿಗುಮಾನ ಉಳಿಯಲಿಲ್ಲ. ಈಗ ಬೇರೆಯವರು ಸುತ್ತಿದ್ದು ಸರ್ತ ಆಗಲಿಲ್ಲವೆಂದು ಬಿಚ್ಚಿ ಮತ್ತೆ ಸುತ್ತಿಸುವಷ್ಟು ಜೋರಾಗಿದ್ದಾರೆ ಎಂದು ಕಮಲಕ್ಕ ವರದಿ ಕೊಟ್ಟರು. ಹಗ್ಗ ಎಳೆದ ದಿನ ಟೀಚರ ಪಾಲಿಗೆ ಬಂದ ಆರು ಬಂಗುಡೆ ಕಮಲಕ್ಕನ ಮನೆಯಲ್ಲೇ ಸಾರಾಗಿತ್ತು.

ತಲ್ಲೂರಿನ ಅಡುಗೆಮನೆಯ ಪಟ್ಟಿಯೂ ಆರನೆಯ ಸಲ ಬದಲಾಯಿತು. ಪಂಪಿನ ಎದುರು ರವಿರಾಜರ ಹೆಸರು ಹಾಗೆಯೇ ಇದೆ, ಆರೂಕಾಲು ಎಂಬುದು ಹೋಗಿ 'ಸ್ನಾನಕ್ಕೆ ಮುಂಚೆ' ಎಂದಾಗಿದೆ. ಇಷ್ಟು ದೊಡ್ಡ ಉಪಕಾರ ತನಗೆ ಯಾರಿಂದ ಆಯಿತೆಂದು ರವಿರಾಜರಿಗೆ ಇನ್ನೂ ಗೊತ್ತಿಲ್ಲ.

ಬೇಗ ಬರುವಂತಾದ ಮೇಲೆಯೂ ಮೋಕ್ಷಿತಾ ಹಾಲಿನ ಕೆಲಸ ಬಿಟ್ಟುಕೊಡಲಿಲ್ಲ. ಇಪ್ಪತ್ತೆರಡು ಲೋಟ ಇಟ್ಟು, ಹಲಗೆಯ ಚಿಪ್ಪು ಎಣಿಸಿ, ಇಪ್ಪತ್ತಮೂರನೆಯ ಲೋಟ ಇಡುತ್ತಾಳೆ. ಟೀಚರಿಗೆ ಆ ಹಾಲಿನ ಪುಡಿಯ ವಾಸನೆ ಮೊದಲಿನಿಂದಲೂ ಆಗದು. ಬೇಡವೆಂದು ಒಂದು ಸಲ ಹೇಳಿಯೂ ನೋಡಿದರು. ಚಿಪ್ಪು ತೂಗಿಸಿದ್ದೀರಲ್ಲ, ಪಾಲು ಬಿಡುವ ಹಾಗಿಲ್ಲ ಎಂದಳು ಮೋಕ್ಷಿತಾ. ಅಂದಿನಿಂದ ದಿನವೂ ಹತ್ತೂವರೆಗೆ ಸ್ವರ್ಣಲತಾ ಟೀಚರ್ ಉಸಿರು ಕಟ್ಟಿ ಒಂದು ಲೋಟ ಹಾಲು ಕುಡಿಯುತ್ತಾರೆ. ಲೋಟ ಖಾಲಿಯಾಗುವವರೆಗೆ ಹುಡುಗಿ ಎದುರಿಗೇ ನಿಂತಿರುತ್ತಾಳೆ.